ಸಿನಿಮಾ ಹಾಕುವ ಮುಂಚೆ ಕಥೆ ಕೇಳಬೇಕಾ?

ಮನೆಯಲ್ಲಿ ಐದು ಜನ, ಒಂದು ಟಿವಿ. ಐವರಲ್ಲಿ ಒಬ್ಬರು ಬೇಗ ಹೆದರುತ್ತಾರೆ, ಬೇಗ ಅಳುತ್ತಾರೆ, ಇಲ್ಲವೇ ಅರ್ಧಕ್ಕೇ ಎದ್ದು ಹೋಗುತ್ತಾರೆ. ಅಂಥವರಿಗಾಗಿ ಸಿನಿಮಾದ ಕಥೆ, ಕೊನೆ, ಕಷ್ಟದ ದೃಶ್ಯ ಎಲ್ಲವನ್ನೂ ಮೊದಲೇ ವಿಚಾರಿಸಿ, ಸೋಸಿ ಹಾಕಬೇಕಾ? ಇಲ್ಲಾ, ಎಲ್ಲರ ಜೊತೆ ಸುಮ್ನೆ ಕೂತು ನೋಡಲಿ ಅಂತ ಬಿಡಬೇಕಾ? ಒಬ್ಬರು ತಾಯಿ, ಇನ್ನೊಬ್ಬರು ಬೇಸಿಗೆ ಶಿಬಿರದ ಮೇಷ್ಟ್ರು. ಇಬ್ಬರ ಮಾತೂ ಇಲ್ಲಿದೆ.

ಪರ: ಕೇಳಿಕೊಂಡೇ ಹಾಕಿ

"ಫ್ಯಾಮಿಲಿ ಜೊತೆ ನೋಡಬಹುದಾ?" ಅಂತ ಯಾರನ್ನಾದರೂ ಕೇಳಿ ನೋಡಿ. "ಹೂಂ, ನೀಟಾಗಿದೆ, ಏನೂ ತೊಂದರೆ ಇಲ್ಲ" ಅನ್ನುತ್ತಾರೆ. ಮುತ್ತಿನ ದೃಶ್ಯ ಇಲ್ಲ, ಡಬಲ್ ಮೀನಿಂಗ್ ಇಲ್ಲ ಅಂತ ಅಷ್ಟೇ ಅದರ ಅರ್ಥ. ನಾಯಿ ಸಾಯುತ್ತದಾ, ಮಗು ಕಳೆದುಹೋಗುತ್ತದಾ, ಯಾರಿಗಾದರೂ ನಾಲ್ಕು ಜನರ ಮುಂದೆ ಅವಮಾನ ಆಗುತ್ತದಾ ಎನ್ನುವುದು ಅವರ ತಲೆಗೇ ಬಂದಿರುವುದಿಲ್ಲ.

2022ರ '777 ಚಾರ್ಲಿ'ಯನ್ನೇ ತಗೊಳ್ಳಿ. ನಾಯಿ ಸಿನಿಮಾ, ಮಕ್ಕಳಿಗೆ ಖುಷಿಯಾಗುತ್ತೆ ಅಂತ ಚಿಕ್ಕವರನ್ನು ಕರೆದುಕೊಂಡು ಹೋದವರು ನನ್ನ ಪರಿಚಯದಲ್ಲೇ ಬೇಕಾದಷ್ಟು ಜನ ಇದ್ದಾರೆ. ಮೊದಲು ನಗು, ತರಲೆ. ಆಮೇಲೆ ಚಾರ್ಲಿಗೆ ಕ್ಯಾನ್ಸರ್ ಅಂತ ಗೊತ್ತಾಗುತ್ತದೆ, ಕೊನೆಗೆ ಅದು ಸಾಯುತ್ತದೆ. ಸಿನಿಮಾ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಮನೆಯಲ್ಲಿ ವಯಸ್ಸಾದ ನಾಯಿ ಇರುವ ಮಗುವಿಗೆ ಅದನ್ನು ಮುನ್ಸೂಚನೆ ಕೊಡದೆ ತೋರಿಸಬಾರದು. 'ಮುಂಗಾರು ಮಳೆ' ಅಂದರೆ ಎಲ್ಲರಿಗೂ ಹಾಡು, ಮಳೆ, ಜೋಗ ನೆನಪಾಗುತ್ತದೆ. ನಮ್ಮ ಮಗನಿಗೆ ನೆನಪಿರುವುದು ಮೊಲ ದೇವದಾಸ ಸತ್ತದ್ದು ಮಾತ್ರ.

ಸೆನ್ಸಾರ್ ಸರ್ಟಿಫಿಕೇಟ್ ಇದೆಯಲ್ಲ ಅನ್ನಬಹುದು. ಇದೆ. 1952ರ ಕಾಯ್ದೆ ಬಂದ ಮೇಲೆ ಬಹಳ ಕಾಲ ನಮ್ಮಲ್ಲಿ ಇದ್ದದ್ದು ಯು ಮತ್ತು ಎ ಮಾತ್ರ. 1983ರಲ್ಲಿ ನಡುವೆ ಯುಎ ಬಂತು. 2023ರ ತಿದ್ದುಪಡಿಯಲ್ಲಿ ಯುಎಯನ್ನೇ 7+, 13+, 16+ ಅಂತ ಮೂರು ಮಾಡಿದರು. ಒಳ್ಳೆಯದೇ ಆಯಿತು, ಏಕೆಂದರೆ ಅದಕ್ಕೆ ಮುಂಚಿನ ಯುಎ ಎಂಥ ದೊಡ್ಡ ಚೀಲ ಅಂದರೆ 'ಕೆಜಿಎಫ್ ಚಾಪ್ಟರ್ 2' ಕೂಡ ಅದರಲ್ಲೇ ಇತ್ತು. ಮತ್ತೊಂದು ವಿಷಯ. ಗೇಟಿನಲ್ಲಿ ಮಕ್ಕಳನ್ನು ತಡೆಯುವ ನಿಯಮ ಇರುವುದು ಎ ಚಿತ್ರಕ್ಕೆ ಮಾತ್ರ. ಯುಎ ಅಂದರೆ ಅಪ್ಪ ಅಮ್ಮನಿಗೆ ಹೇಳುವ ಕಿವಿಮಾತು, ಕೇಳಿದರೆ ಕೇಳಿ, ಬಿಟ್ಟರೆ ಬಿಡಿ.

ಮೂರಲ್ಲ, ಹತ್ತು ಭಾಗ ಮಾಡಿದರೂ ಅದು ನೋಡುವುದು ವಯಸ್ಸನ್ನು. ನನ್ನ ಮಗನಿಗೆ ಒಂಬತ್ತು ವರ್ಷ. ಭಯದ ದೃಶ್ಯ ಬಂದರೆ ಅವನು ಕಣ್ಣು ಮುಚ್ಚುವುದಿಲ್ಲ, ಕಿವಿ ಮುಚ್ಚುತ್ತಾನೆ. ಎರಡು ಹೆಬ್ಬೆರಳು ಕಿವಿಯೊಳಗೆ, ಮಿಕ್ಕ ಬೆರಳು ತಲೆಯ ಮೇಲೆ, ಕಣ್ಣು ಮಾತ್ರ ಪರದೆ ಮೇಲೆ. ಮ್ಯೂಟ್ ಮಾಡಿದರೆ ಅದೇ ದೆವ್ವವನ್ನು ನೋಡಿ ನಗುತ್ತಾನೆ. ಟಿವಿಯಲ್ಲಿ ನೈಟ್ ಮೋಡ್ ಹಾಕಿದ ಮೇಲೆ ಅರ್ಧ ಸಮಸ್ಯೆ ಹೋಯಿತು. ಅದು ಮಾತಿನ ಸದ್ದನ್ನು ಏರಿಸಿ, ದಢಾರ್ ಅನ್ನುವುದನ್ನು ತಗ್ಗಿಸುತ್ತದೆ. ಇನ್ನು ನಮ್ಮ ಅತ್ತೆ. ಕತ್ತಿ, ರಕ್ತ, ಹೊಡೆದಾಟ ಯಾವುದಕ್ಕೂ ಜಗ್ಗುವುದಿಲ್ಲ. ಆಸ್ಪತ್ರೆಯ ದೃಶ್ಯದಲ್ಲಿ ಆ ಬೀಪ್ ಬೀಪ್ ಶುರುವಾದ ಕೂಡಲೇ "ಹಾಲಿಟ್ಟು ಬರ್ತೀನಿ" ಅಂತ ಎದ್ದು ಹೋಗುತ್ತಾರೆ. ಮಾವ ತೀರಿಕೊಂಡದ್ದು ಐಸಿಯುನಲ್ಲಿ. ಇದನ್ನು ಯಾವ ಬೋರ್ಡು ಸರ್ಟಿಫಿಕೇಟಿನಲ್ಲಿ ಬರೆಯುತ್ತದೆ?

ಜಪಾನಿನ 'ಟೊಟೊರೊ' ಅನಿಮೇಷನ್ ಚಿತ್ರ ಗೊತ್ತಲ್ಲ, 1988ರದ್ದು. ವಿಲನ್ನೇ ಇಲ್ಲದ ಸಿನಿಮಾ, ಸೂಕ್ಷ್ಮ ಮಕ್ಕಳಿಗೆ ಇದಕ್ಕಿಂತ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಆ ಇಬ್ಬರು ಹುಡುಗಿಯರ ಅಮ್ಮ ಸಿನಿಮಾ ಪೂರ್ತಿ ಆಸ್ಪತ್ರೆಯಲ್ಲಿ ಇರುತ್ತಾಳೆ. ಚಿಕ್ಕವಳು ಕಾಣೆಯಾದಾಗ ಕೆರೆಯಲ್ಲಿ ಒಂದು ಚಪ್ಪಲಿ ಸಿಗುತ್ತದೆ. ಚಪ್ಪಲಿ ಅವಳದ್ದಲ್ಲ, ಅಮ್ಮನೂ ಕೊನೆಗೆ ಹೆಸರುಗಳ ಜೊತೆ ತೋರಿಸುವ ಚಿತ್ರಗಳಲ್ಲಿ ಮನೆಗೆ ಬರುತ್ತಾಳೆ. ಇಷ್ಟನ್ನು ಮೊದಲೇ ಹೇಳಿದ್ದಕ್ಕೆ ಅತ್ತೆ ಕೊನೆವರೆಗೂ ಕೂತರು.

ಯಾವುದು ಯಾರಿಗೆ ಭಯ ಎನ್ನುವುದನ್ನು ಅಮೆರಿಕದ ಸಂಶೋಧಕಿ ಜೋಆನ್ ಕ್ಯಾಂಟರ್ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಹಳೆಯ 'ಹಲ್ಕ್' ಟಿವಿ ಧಾರಾವಾಹಿಯಲ್ಲಿ ಚಿಕ್ಕ ಮಕ್ಕಳು ಹೆದರುತ್ತಿದ್ದದ್ದು ಒಳ್ಳೆಯ ಮನುಷ್ಯ ಕಣ್ಣೆದುರೇ ಹಸಿರು ರಾಕ್ಷಸ ಆಗುವುದಕ್ಕೆ. ಅವನು ಒಳ್ಳೆಯದೇ ಮಾಡುತ್ತಾನೆ ಎನ್ನುವುದು ಆ ವಯಸ್ಸಿನವರಿಗೆ ಲೆಕ್ಕಕ್ಕೇ ಬರುವುದಿಲ್ಲ. ಸ್ವಲ್ಪ ದೊಡ್ಡವರಾದ ಮೇಲೆ ರೂಪದ ಭಯ ಕಡಿಮೆಯಾಗಿ, "ಇದು ನಮ್ಮನೆಯಲ್ಲೂ ಆಗಬಹುದಾ?" ಎಂಬ ಭಯ ಬರುತ್ತದೆ. ಕಳ್ಳ, ಬೆಂಕಿ, ಅಪಹರಣ. ಅಂದರೆ ಅಣ್ಣನಿಗೆ ಸರಿಹೋದದ್ದು ತಮ್ಮನಿಗೆ ಆಗದೆ ಹೋಗಬಹುದು, ತಮ್ಮನಿಗೆ ಏನೂ ಅನ್ನಿಸದ್ದು ಅಣ್ಣನ ನಿದ್ದೆ ಕೆಡಿಸಬಹುದು.

ಹಾಗಾಗಿ ಕೇಳಬೇಕು, ಅದೂ ನಿರ್ದಿಷ್ಟವಾಗಿ ಕೇಳಬೇಕು. ಇಂಗ್ಲಿಷ್ ಸಿನಿಮಾ ಆದರೆ ಕಾಮನ್ ಸೆನ್ಸ್ ಮೀಡಿಯಾ ಎಂಬ ತಾಣ ಇದೆ, ಐಎಂಡಿಬಿಯಲ್ಲಿ ಪೋಷಕರಿಗೆ ಅಂತಲೇ ಒಂದು ಪುಟ ಇದೆ. ನಾಯಿ ಸಾಯುತ್ತದಾ ಎಂಬ ಪ್ರಶ್ನೆಯನ್ನೇ ಹೆಸರಾಗಿ ಇಟ್ಟುಕೊಂಡ 'ಡಸ್ ದ ಡಾಗ್ ಡೈ' ಎಂಬ ತಾಣವೂ ಇದೆ. ಕನ್ನಡ ಸಿನಿಮಾಗಳಿಗೆ ಅಲ್ಲೆಲ್ಲ ಮಾಹಿತಿ ಕಡಿಮೆ. ನಾನು ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ನೋಡಿ ಬಂದವರನ್ನು ಹಿಡಿಯುತ್ತೇನೆ. "ಚೆನ್ನಾಗಿದೆಯಾ?" ಅಂತ ಕೇಳುವುದಿಲ್ಲ. "ಆಸ್ಪತ್ರೆ ಇದೆಯಾ? ಪ್ರಾಣಿಗೆ ಏನಾದರೂ ಆಗುತ್ತಾ? ಇಂಟರ್ವಲ್ ಆದ ಮೇಲೆ ಟೋನ್ ಬದಲಾಗುತ್ತಾ?" ಅಂತ ಕೇಳುತ್ತೇನೆ. ಹಳೆಯದು ಅಂತ ಕಣ್ಣು ಮುಚ್ಚಿ ನಂಬುವುದೂ ಬೇಡ. 'ಸಂಸಾರ ಸಮೇತ ನೋಡಬಹುದಾದ ಚಿತ್ರ' ಅಂತ ಪೋಸ್ಟರ್ ಹಾಕಿಕೊಂಡು ಓಡಿದ ಹಳೆ ಸಿನಿಮಾಗಳಲ್ಲೂ ವಿಲನ್ ಹೀರೋಯಿನ್ನಿನ ಸೆರಗು ಎಳೆಯುವ ದೃಶ್ಯ ಇದ್ದೇ ಇರುತ್ತಿತ್ತು. ತೊದಲುವವರನ್ನು ಆಡಿಕೊಳ್ಳುವ ಕಾಮಿಡಿಯಂತೂ ಬಿಡಿ.

ಕೊನೆ ಗೊತ್ತಾದರೆ ಮಜಾ ಹೋಗುತ್ತೆ ಅನ್ನುವವರಿಗೆ ಒಂದು ಪ್ರಶ್ನೆ. ಯಕ್ಷಗಾನದ ಅಭಿಮನ್ಯು ಕಾಳಗ ಪ್ರಸಂಗಕ್ಕೆ ಬಂದು ಬೆಳಗಿನವರೆಗೆ ಕೂರುವ ಜನರಿಗೆ ಅಭಿಮನ್ಯು ಉಳಿಯುವುದಿಲ್ಲ ಅಂತ ಗೊತ್ತಿರುವುದಿಲ್ಲವಾ? ಗೊತ್ತಿದ್ದೇ ಬರುತ್ತಾರೆ. ಏನಾಗುತ್ತದೆ ಎಂಬ ಆತಂಕ ಇಲ್ಲದ್ದಕ್ಕೇ ಹೇಗೆ ಆಗುತ್ತದೆ ಎನ್ನುವುದನ್ನು ಸವಿಯುತ್ತಾರೆ. ನನ್ನ ಮಗನಿಗೂ ಅಷ್ಟೇ ಬೇಕಿರುವುದು.

ವಿರೋಧ: ಹಾಕಿ, ಪಕ್ಕದಲ್ಲಿ ಕೂರಿ

ನಾನು ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಸಿನಿಮಾ ತೋರಿಸುತ್ತೇನೆ. ಒಂದು ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಪಂಚೆ, ಎರಡು ಸ್ಪೀಕರ್. ಈಚೆಗೆ ಸಿನಿಮಾದ ಹಿಂದಿನ ದಿನವೇ ಫೋನ್ ಬರುತ್ತದೆ. "ಸಾರ್, ಅದರಲ್ಲಿ ಅಳುವ ಸೀನ್ ಇಲ್ಲ ತಾನೆ?" ಅಳುವ ಸೀನ್ ಇಲ್ಲದ ಕಥೆಯನ್ನು ಎಲ್ಲಿಂದ ತರಲಿ?

ಕೇಳಿ ಹಾಕುವುದರಲ್ಲಿ ನನಗೆ ಮೊದಲ ತಕರಾರು ಏನೆಂದರೆ, ಸೋಸುವವರು ದೊಡ್ಡವರು, ಸೋಸಿ ಹೋಗುವುದೂ ದೊಡ್ಡವರ ಭಯವೇ. ಟಿವಿಯಲ್ಲಿ ಹೀರೋ ಹೀರೋಯಿನ್ ಸ್ವಲ್ಪ ಹತ್ತಿರ ಬಂದರೆ ಸಾಕು, ರಿಮೋಟ್ ಎಲ್ಲಿ, ರಿಮೋಟ್ ಎಲ್ಲಿ ಅಂತ ಮನೆಯಿಡೀ ಹುಡುಕಾಟ. ಅದೇ ಹೀರೋ ಇಪ್ಪತ್ತು ಜನರ ಮೂಳೆ ಮುರಿಯುವಾಗ ಎಲ್ಲರ ಕೈಯಲ್ಲೂ ಚುರುಮುರಿ. ಮಗು ಯಾವುದಕ್ಕೆ ಮುದುಡಿಕೊಂಡಿತು ಅಂತ ಯಾರೂ ನೋಡಿರುವುದಿಲ್ಲ. ಪರ ಬರೆದ ತಾಯಿ ನೋಡಿದ್ದಾರೆ, ಅವರಿಗೆ ನಮಸ್ಕಾರ. ಎಲ್ಲರ ಮನೆಯಲ್ಲೂ ಹಾಗಿಲ್ಲ. ಫೋನ್ ಮಾಡಿದ ಹತ್ತು ಜನರಲ್ಲಿ "ನನ್ನ ಮಗಳಿಗೆ ಇಂಥದ್ದೇ ಆಗಲ್ಲ" ಅಂತ ಹೇಳುವವರು ಒಬ್ಬರು ಸಿಕ್ಕರೆ ಹೆಚ್ಚು. ಉಳಿದವರಿಗೆ ಬೇಕಿರುವುದು ಒಟ್ಟಾರೆ ಸುರಕ್ಷಿತವಾದ ಏನೋ ಒಂದು.

ಎರಡನೆಯದು, ಸೋಸಲು ನಮ್ಮಲ್ಲಿ ಇರುವುದಾದರೂ ಎಷ್ಟು? ಕನ್ನಡದಲ್ಲಿ ಮಕ್ಕಳ ಸಿನಿಮಾಗಳೇ ಬೆರಳೆಣಿಕೆ. ಹೊರಗಿನದನ್ನು ಕನ್ನಡಕ್ಕೆ ತರೋಣ ಅಂದರೆ 1960ರ ದಶಕದಿಂದ ಡಬ್ಬಿಂಗಿಗೆ ಅಘೋಷಿತ ತಡೆ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡ ಬಾರದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗ ಇದು ತಪ್ಪು ಅಂತ ಚಿತ್ರರಂಗದ ಸಂಘಗಳಿಗೆ ದಂಡ ಹಾಕಿದ ಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಎರಡು ತಲೆಮಾರಿನ ಮಕ್ಕಳು ಬೇರೆ ಭಾಷೆಯ ಕಾರ್ಟೂನ್ ನೋಡಿ ಬೆಳೆದಾಗಿತ್ತು. ಇರುವ ಕೆಲವೇ ಸಿನಿಮಾಗಳಲ್ಲಿ ಸಾವು ಬೇಡ, ಅವಮಾನ ಬೇಡ, ಆಸ್ಪತ್ರೆ ಬೇಡ ಅಂತ ಹೊರಟರೆ ನಮ್ಮ ಭಾಷೆಯ ಚಿತ್ರ ಒಂದೂ ಉಳಿಯುವುದಿಲ್ಲ. ಉಳಿಯುವುದು ಬಣ್ಣ ಬಣ್ಣದ ಕಾರು ಮಾತಾಡುವ ಯೂಟ್ಯೂಬ್ ವಿಡಿಯೋ.

ಇನ್ನು ಮುನ್ಸೂಚನೆಯ ವಿಷಯ. ಮೊದಲೇ ಹೇಳಿದರೆ ಭಯ ಕಡಿಮೆಯಾಗುತ್ತದೆ ಅಂತ ನಮಗೆಲ್ಲ ಅನ್ನಿಸುತ್ತದೆ. ಆದರೆ ಇಂಥ ಎಚ್ಚರಿಕೆಗಳ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರಲ್ಲಿ ಒಂದು ವಿಶ್ಲೇಷಣೆ ಬಂತು. ಎಚ್ಚರಿಕೆ ಓದಿದವರಿಗೆ ನೋಡುವಾಗಿನ ಸಂಕಟ ಕಡಿಮೆಯಾಗಿರಲಿಲ್ಲ. ನೋಡುವ ಮುಂಚಿನ ಆತಂಕ ಮಾತ್ರ ಜಾಸ್ತಿಯಾಗಿತ್ತು. ಅದು ಮುಖ್ಯವಾಗಿ ದೊಡ್ಡವರ ಮೇಲಿನ ಅಧ್ಯಯನ, ಮಕ್ಕಳಿಗೆ ಹಾಗೇ ಅನ್ವಯಿಸಲಾರೆ. ಆದರೆ ಶಿಬಿರದಲ್ಲಿ ನಾನು ಕಂಡದ್ದೂ ಹಾಗೇ ಇದೆ. "ಮಧ್ಯೆ ಒಂದು ಭಯದ ಸೀನ್ ಇದೆ, ಹೆದರಬೇಡಿ" ಅಂದ ದಿನ ಕೆಲವರು ಮೊದಲ ನಿಮಿಷದಿಂದಲೇ ಅದಕ್ಕೆ ಕಾಯುತ್ತಾ ಕೂರುತ್ತಾರೆ. ಹಾಡು, ತಮಾಷೆ ಯಾವುದೂ ಒಳಗೆ ಇಳಿಯುವುದಿಲ್ಲ. "ಈಗಾ ಸಾರ್? ಈಗಾ?" ಅಂತ ಕೇಳುತ್ತಲೇ ಇರುತ್ತಾರೆ.

ಯಕ್ಷಗಾನದ ಉದಾಹರಣೆ ಚೆನ್ನಾಗಿದೆ. ಆದರೆ ಅಭಿಮನ್ಯುವಿನ ಕಥೆಯನ್ನು ಆ ಪ್ರೇಕ್ಷಕ ಮೊದಲ ಸಲ ಕೇಳಿದಾಗ ಯಾರು ಎಚ್ಚರಿಸಿದ್ದರು? ಪುಣ್ಯಕೋಟಿಯನ್ನೇ ನೋಡಿ. ನಮ್ಮಲ್ಲಿ ನಾಲ್ಕೈದು ವರ್ಷಕ್ಕೇ ಕೇಳಿಸುವ ಹಾಡು ಅದು. ತಾಯಿ ಕರುವಿಗೆ ಕೊನೆಯ ಸಲ ಹಾಲು ಕೊಟ್ಟು, ಅಕ್ಕತಂಗಿಯರ ಕೈಗೆ ಒಪ್ಪಿಸಿ, ಹುಲಿಯ ಬಾಯಿಗೆ ಹೊರಡುತ್ತಾಳೆ. ಕೊನೆಗೆ ಹುಲಿಯೇ ಹಾರಿ ಪ್ರಾಣ ಬಿಡುತ್ತದೆ. ಇಷ್ಟು ಕ್ರೂರವಾದ ಕಥೆ ಇಂದು ಸಿನಿಮಾ ಆಗಿ ಬಂದರೆ ನನಗೆ ಫೋನ್ ಮಾಡುವವರು ಒಬ್ಬರೂ ಮಕ್ಕಳನ್ನು ಕಳಿಸಲಾರರು. ಆದರೂ ತಲೆಮಾರುಗಳು ಅದನ್ನು ಕೇಳಿ ಅತ್ತು, "ಇನ್ನೊಂದ್ಸಲ ಹೇಳು" ಅಂದಿವೆ. ಹೇಳುವವರ ತೊಡೆಯ ಮೇಲೆ ಕೂತಿದ್ದರಿಂದ ಅದು ಸಾಧ್ಯವಾಯಿತು.

ಅದೇ ಕ್ಯಾಂಟರ್ ಅವರ ಕೆಲಸದಲ್ಲಿ ಇನ್ನೊಂದು ಅರ್ಧ ಇದೆ. ತೀರಾ ಚಿಕ್ಕ ಮಕ್ಕಳಿಗೆ "ಇದು ನಿಜ ಅಲ್ಲ, ಬರೀ ಮೇಕಪ್ಪು" ಅಂತ ವಿವರಿಸಿದರೆ ಅಷ್ಟಾಗಿ ನಾಟುವುದಿಲ್ಲ. ಅಪ್ಪ ಅಮ್ಮನನ್ನು ಅಂಟಿಕೊಂಡು ಕೂರುವುದು, ಇಷ್ಟದ ಹೊದಿಕೆ ಹಿಡಿದುಕೊಳ್ಳುವುದು ಹೆಚ್ಚು ಕೆಲಸ ಮಾಡುತ್ತದೆ. ಈಗ ಆಗುತ್ತಿರುವುದು ಏನು? ಮೊದಲೇ ವಿಚಾರಿಸಿ, ಸೇಫ್ ಅಂತ ಖಾತ್ರಿ ಮಾಡಿಕೊಂಡು, ಮಗುವಿಗೆ ಹಾಕಿಕೊಟ್ಟು, ದೊಡ್ಡವರು ಪಕ್ಕದ ಕೋಣೆಯಲ್ಲಿ ಫೋನ್ ನೋಡುತ್ತಾ ಕೂರುತ್ತಾರೆ. ಸೇಫ್ ಅಂದುಕೊಂಡದ್ದರಲ್ಲೇ ಎಂಥದ್ದೋ ಒಂದು ಬರುತ್ತದೆ, ಆಗ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಅತ್ತೆಯವರ ವಿಷಯದಲ್ಲಿ ನನ್ನ ತಕರಾರಿಲ್ಲ. ಅವರು ಏನು ಬೇಡ ಅಂತ ತಿಳಿದ ಹಿರಿಯರು, ಗಂಡನನ್ನು ಕಳೆದುಕೊಂಡವರು. ಅವರೇ ಕೇಳಲಿ, ಕೇಳಿದ್ದಕ್ಕೆ ಉತ್ತರ ಕೊಡೋಣ. ಮಗುವಿನ ಪರವಾಗಿ ನಾವೇ ಕೇಳಿ, ನಾವೇ ತೀರ್ಮಾನಿಸುವುದು ಬೇರೆ ಮಾತು.

ಶಿಬಿರದಲ್ಲಿ ನನ್ನ ನಿಯಮ ಒಂದೇ, ಯಾವಾಗ ಬೇಕಾದರೂ ಎದ್ದು ಹೋಗಬಹುದು, ಯಾಕೆ ಅಂತ ಯಾರೂ ಕೇಳಬಾರದು. ಒಮ್ಮೆ ಒಬ್ಬ ಹುಡುಗಿ ಎದ್ದು ಬಂದು ಹೊರಗೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು. ಒಳಗಿನ ಸದ್ದು ಕೇಳುತ್ತಾ "ಈಗ ಏನಾಯ್ತು?" ಅಂತ ಬಿಟ್ಟೂ ಬಿಡದೆ ಕೇಳಿದಳು. ಕೇಳಿದಷ್ಟಕ್ಕೆ ಮಾತ್ರ ಹೇಳಿದೆ. ಕಷ್ಟದ ಭಾಗ ಮುಗಿಯುವ ಮುಂಚೆಯೇ ಒಳಗೆ ಹೋಗಿ ಬಾಗಿಲ ಹತ್ತಿರ ನಿಂತು ನೋಡಿದಳು. ಎಷ್ಟು ನೋಡಬೇಕು ಅಂತ ಅವಳೇ ಅಳೆದುಕೊಂಡಳು. ಹಿಂದಿನ ದಿನ ಫೋನ್ ಮಾಡಿದ್ದ ಅಮ್ಮನ ಮಾತಿನಂತೆ ನಡೆದಿದ್ದರೆ ಅವಳು ಆ ಸಂಜೆ ಶಿಬಿರಕ್ಕೇ ಬರುತ್ತಿರಲಿಲ್ಲ.

ಎಲ್ಲಕ್ಕೂ ಮೂಗು ಮುರಿಯುವವರದ್ದು ಬೇರೆ ಕಥೆ. ಅವರಿಗೆ ಹೆದರಿಕೆ ಇಲ್ಲ, ಬರೀ ಹಟ. ಅವರ ಸರದಿ ಬಂದಾಗ ಅವರೇ ಸಿನಿಮಾ ಆರಿಸಲಿ, ಉಳಿದವರ ಸರದಿಯಲ್ಲಿ ಅರ್ಧ ಗಂಟೆ ಆದರೂ ಕೂರಲಿ. ಆಮೇಲೂ ಬೇಡ ಅಂದರೆ ಹೋಗಿ ಮಲಗಲಿ. ಸಿನಿಮಾ ಮಾತ್ರ ನಿಲ್ಲಿಸಬೇಡಿ.