ಹೂವಿನ ಮುಂದೆ ಒಂದು ಚೀಟಿ ಇಡಲು ಏನು ಕಷ್ಟ?

ಫಲಪುಷ್ಪ ಪ್ರದರ್ಶನ ನೋಡಿಕೊಂಡು ಈಗಷ್ಟೇ ಹುಬ್ಬಳ್ಳಿಯ ಮನೆಗೆ ಬಂದಿದ್ದೇನೆ. ಸಿಟ್ಟು ಆರುವ ಮುಂಚೆ ಬರೆದುಬಿಡುತ್ತೇನೆ.

ಪೆಟೂನಿಯಾ, ಸಾಲ್ವಿಯಾ, ಡೇಲಿಯಾ, ಸೇವಂತಿಗೆ, ಸಾಲುಸಾಲು ಕುಂಡಗಳು. ಕಣ್ಣು ತುಂಬಿತು, ಇಲ್ಲವೆನ್ನುವುದಿಲ್ಲ. ಆದರೆ ಒಂದೇ ಒಂದು ಕುಂಡದ ಮುಂದೆಯೂ ಗಿಡದ ಹೆಸರಿಲ್ಲ. ಬೀಜ ಯಾವಾಗ ಹಾಕಬೇಕು, ಎಷ್ಟು ಬಿಸಿಲು ಬೇಕು, ಬೇಸಿಗೆಯಲ್ಲಿ ಬದುಕುತ್ತದೆಯೇ, ಯಾವ ವಿವರವೂ ಇಲ್ಲ. ಪ್ರಾಯೋಜಕರ ಫಲಕಗಳು ಮಾತ್ರ ಆಳೆತ್ತರ ನಿಂತಿದ್ದವು.

ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಪಾಯಿನ್‌ಸೆಟಿಯಾ ತೋರಿಸಿ, "ಇದು ಯಾವ ಹೂವು, ಯವ್ವಾ?" ಎಂದು ಕೇಳಿದರು. ಕೆಂಪಗೆ ಕಾಣುವುದು ಹೂವಲ್ಲ, ಎಲೆ. ನಡುವಿನ ಪುಟ್ಟ ಹಳದಿ ಗೊಂಚಲೇ ಹೂವು. ಇರುಳು ದೀರ್ಘವಾದಾಗಲೇ ಎಲೆ ಕೆಂಪಾಗುವುದು, ರಾತ್ರಿಯಿಡೀ ಬೀದಿದೀಪದ ಬೆಳಕು ಬಿದ್ದರೆ ಬಣ್ಣ ಸರಿಯಾಗಿ ಬರುವುದಿಲ್ಲ ಎಂದೆ. ಎಷ್ಟು ಆಸೆಯಿಂದ ಕೇಳಿಸಿಕೊಂಡರು! ಕೇಳುವವರು ಇದ್ದಾರೆ. ಹೇಳುವವರೇ ಇರಲಿಲ್ಲ.

ಹೊರಗಿನ ಮಳಿಗೆಯಲ್ಲಿ ಜನ ಅರಳಿನಿಂತ ಪೆಟೂನಿಯಾ ಕೊಂಡು ಹೋಗುತ್ತಿದ್ದರು. ಅದು ನಮ್ಮಲ್ಲಿ ಚಳಿಗಾಲದ ಗಿಡ, ಬೇಸಿಗೆಯ ಬಿಸಿಲಿಗೆ ಸೊರಗುತ್ತದೆ. ಹಾಗೆ ಒಣಗಿದ ಮೇಲೆ "ನನ್ನ ಕೈಗುಣ ಸರಿಯಿಲ್ಲ" ಎಂದು ಗಿಡ ಬೆಳೆಸುವುದನ್ನೇ ಬಿಟ್ಟವರು ನಮ್ಮ ಓಣಿಯಲ್ಲೇ ಇದ್ದಾರೆ. ಅವರ ಕೈಗುಣಕ್ಕೆ ಏನೂ ಆಗಿಲ್ಲ. ಒಂದು ಸಾಲು ಬರೆದಿಟ್ಟಿದ್ದರೆ ಅವರ ಅಂಗಳ ಇಂದಿಗೂ ಹಸಿರಾಗಿರುತ್ತಿತ್ತು.

"ಜನ ಬರುವುದು ಸೆಲ್ಫಿಗೆ, ಚೀಟಿ ಯಾರು ಓದುತ್ತಾರೆ?" ಎಂದು ಜೊತೆಗಿದ್ದವರು ವಾದಿಸಿದರು. ನಾನು ಒಪ್ಪುವುದಿಲ್ಲ. ಲಾಲ್‌ಬಾಗಿನಲ್ಲಿ ಮರಗಳಿಗೆ ಹೆಸರಿನ ಫಲಕಗಳಿವೆ, ನಿಂತು ಓದುವವರನ್ನು ಕಣ್ಣಾರೆ ಕಂಡಿದ್ದೇನೆ. ಹಾಗೆಂದು ಅಲ್ಲಿ ನೋಡಿದ್ದನ್ನೆಲ್ಲ ಇಲ್ಲಿ ನೆಡಲಾಗದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು, ಹುಬ್ಬಳ್ಳಿ ಸುಮಾರು 650. ಬೇಸಿಗೆಯ ಬಿಸಿಲು ಬೇರೆ, ನಮ್ಮ ಎರೆಮಣ್ಣೂ ಬೇರೆ. ಬರಿಯ ಎರೆಮಣ್ಣು ತುಂಬಿದ ಕುಂಡ ಮಳೆಗಾಲದಲ್ಲಿ ನೀರು ಕಟ್ಟಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕೆಂಪು ಮಣ್ಣು, ಮರಳು, ಕಳಿತ ಸಗಣಿ ಗೊಬ್ಬರ ಬೆರೆಸಲೇಬೇಕು. ಇದನ್ನು ನಮ್ಮ ಊರಿನ ಪ್ರದರ್ಶನವಲ್ಲದೆ ಇನ್ನಾರು ಹೇಳಬೇಕು?

ಗಿಡದ ವಿಷಯದಲ್ಲಿ ನನಗೇಕೆ ಇಷ್ಟು ಸಿಟ್ಟು ಎಂದು ಕೆಲವರು ಕೇಳುತ್ತೀರಿ. ದುಂಡುಮಲ್ಲಿಗೆಯ ಟೊಂಗೆಗಳನ್ನು ಚಳಿಗಾಲದಲ್ಲಿ ಕತ್ತರಿಸಿ, ನೀರು ಕಡಿಮೆ ಮಾಡಬೇಕು ಎಂದು ಅವ್ವನಿಗೆ ಯಾರೋ ಹೇಳಿಕೊಟ್ಟಿದ್ದರು. ಅವ್ವ ಈಗಿಲ್ಲ. ಬೇಸಿಗೆ ಬಂದರೆ ಅವಳ ಮಲ್ಲಿಗೆ ಮೈತುಂಬ ಮೊಗ್ಗು ಬಿಡುತ್ತದೆ. ಯಾರೋ ಬಾಯಿಬಿಟ್ಟು ಹೇಳಿದ್ದರಿಂದ ಉಳಿದ ಗಿಡ ಅದು.

ಹೊಸದಾಗಿ ಕೈತೋಟ ಮಾಡುವವರು ಏಪ್ರಿಲ್ ತಿಂಗಳಲ್ಲಿ ಇಂದಿರಾ ಗಾಜಿನ ಮನೆಯ ಉದ್ಯಾನಕ್ಕೋ ಧಾರವಾಡದ ಸಾಧನಕೇರಿಗೋ ಹೋಗಿ ಬನ್ನಿ. ಸುಡುಬಿಸಿಲಿನಲ್ಲಿ ಯಾವುದು ಹಸಿರಾಗಿದೆಯೋ ಅದನ್ನು ಮನೆಗೆ ತನ್ನಿ. ದಿನಗಟ್ಟಲೆ ನಳದ ನೀರು ಬಾರದ ಓಣಿಗಳಿಗೆ ಬೋಗನ್‌ವಿಲ್ಲಾ ಒಳ್ಳೆಯದು. ಒಮ್ಮೆ ಬೇರೂರಿದ ಮೇಲೆ ನೀರು ಕಡಿಮೆಯಾದಷ್ಟೂ ಚೆನ್ನಾಗಿ ಹೂ ಬಿಡುತ್ತದೆ. ಕಣಗಿಲೆಯೂ ತಾಳಿಕೊಳ್ಳುತ್ತದೆ, ಆದರೆ ಅದರ ಎಲ್ಲ ಭಾಗವೂ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ.

ಪ್ರತಿ ಕುಂಡಕ್ಕೂ ಕನ್ನಡದಲ್ಲಿ ಚೀಟಿ ಇಡಿ ಎಂದು ಸಂಘಟಕರಿಗೆ ನಾಳೆ ಮನವಿ ಕೊಡುತ್ತಿದ್ದೇನೆ. ಬರೆಯಲು ಜನ ಬೇಕೆಂದರೆ ನಾನೇ ಕೂತು ಬರೆದುಕೊಡುತ್ತೇನೆ. ಜೊತೆಗೆ ಸಹಿ ಹಾಕುವವರು ಇಂದು ರಾತ್ರಿಯೊಳಗೆ ತಿಳಿಸಿ.