ದವಡೆ ಟಕ್ ಅಂದರೆ ಹಲ್ಲು ಅರೆಸಿಕೊಳ್ಳಲು ಓಡಬೇಡಿ

ಬಾಯಿ ತೆರೆದಾಗ ಕಿವಿಯ ಹತ್ತಿರ ಟಕ್ ಅಂತ ಸದ್ದಾಗುತ್ತಾ? ನೋವಿಲ್ಲ, ಬಾಯಿ ಪೂರ್ತಿ ತೆರೆಯುತ್ತದೆ ಅಂತಾದರೆ ಸುಮ್ನೆ ಬಿಟ್ಟುಬಿಡಿ.

ನಾನು ಡಾಕ್ಟರ್ ಅಲ್ಲ. ಕಾಸರಗೋಡಿನ ಬದಿಯಡ್ಕದ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ಮಾಸ್ಟ್ರು, ಅಷ್ಟೇ. ಆದರೆ ಇದೇ ಸದ್ದು ತೋರಿಸಲು ಹೋದ ನಮ್ಮ ಅಕ್ಕನಿಗೆ ಒಂದು ಕ್ಲಿನಿಕ್ಕಿನಲ್ಲಿ, "ಹಲ್ಲು ಸರಿಯಾಗಿ ಕೂರ್ತಾ ಇಲ್ಲ, ನಾಲ್ಕು ಹಲ್ಲು ಅರೆದು ಸಮ ಮಾಡೋಣ" ಅಂದರಂತೆ. ಅಕ್ಕ ಇನ್ನೇನು ಹೂಂ ಅನ್ನುವುದರಲ್ಲಿದ್ದಳು. ಅದಕ್ಕೇ ಬರೆಯುತ್ತಿದ್ದೇನೆ.

ಕಿವಿಯ ತೂತಿನ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆಯಿರಿ. ಒಂದು ಗಂಟು ಜಾರಿದ್ದು ಗೊತ್ತಾಗುತ್ತದೆ. ಅದು ಕೆಳದವಡೆಯ ಮೂಳೆಯ ತಲೆ. ಅದು ಕೂರುವುದು ತಲೆಬುರುಡೆಯ ಒಂದು ಗುಳಿಯಲ್ಲಿ. ಎರಡರ ನಡುವೆ ಗಟ್ಟಿ ನಾರಿನ ಒಂದು ಬಿಲ್ಲೆ ಇದೆ, ನಡುವೆ ತೆಳು, ಅಂಚು ದಪ್ಪ. ಬಾಯಿ ಸುಮಾರು ಎರಡು ಸೆಂಟಿಮೀಟರ್ ತೆರೆಯುವವರೆಗೆ ಮೂಳೆಯ ತಲೆ ಬಾಗಿಲಿನ ಬಿಜಾಗರಿಯ ಹಾಗೆ ಇದ್ದಲ್ಲೇ ತಿರುಗುತ್ತದೆ. ಇನ್ನೂ ತೆರೆದರೆ ಬಿಲ್ಲೆಯನ್ನೂ ಜತೆಗೆ ಕರೆದುಕೊಂಡು ಗುಳಿಯಿಂದ ಮುಂದಕ್ಕೆ ಜಾರುತ್ತದೆ. ಅಲ್ಲಿ ಒಂದು ಸಣ್ಣ ದಿಣ್ಣೆ. ಯಕ್ಷಗಾನದ ಆಟ ನೋಡುತ್ತಾ ಬೆಳಗಿನ ಜಾವ ಜೋರಾಗಿ ಆಕಳಿಸಿ ಮೂಳೆ ಆ ದಿಣ್ಣೆಯನ್ನು ದಾಟಿ ಆಚೆ ಸಿಕ್ಕಿಬಿದ್ದರೆ ಮುಗಿಯಿತು, ಬಾಯಿ ಮುಚ್ಚುವುದೇ ಇಲ್ಲ. (ಅದನ್ನು ವಾಪಸ್ ಕೂರಿಸುವ ವಿಧಾನ ಪ್ರಾಚೀನ ಗ್ರೀಸಿನ ವೈದ್ಯರಿಗೂ ಗೊತ್ತಿತ್ತು. ನೀವು ಮನೆಯಲ್ಲಿ ಮಾಡಲು ಹೋಗಬೇಡಿ.)

ಟಕ್ ಅನ್ನುವುದು ಹೆಚ್ಚಾಗಿ ಬಿಲ್ಲೆಯ ಸದ್ದು. ಅದು ಸ್ವಲ್ಪ ಮುಂದಕ್ಕೆ ಸರಿದಿದ್ದರೆ, ಬಾಯಿ ತೆರೆಯುವಾಗ ಮೂಳೆಯ ತಲೆ ಅದರ ದಪ್ಪ ಅಂಚನ್ನು ಹಾರಿ ಜಾಗಕ್ಕೆ ಸೇರುತ್ತದೆ. ಎಷ್ಟೋ ಜನರಿಗೆ ಜೀವನಪೂರ್ತಿ ಹಾಗೇ ಇರುತ್ತದೆ, ತೊಂದರೆ ಏನೂ ಇಲ್ಲ.

ಹಾಗಾದರೆ ಹಲ್ಲಿನ ಮೇಲೆ ತಪ್ಪು ಬಂದದ್ದು ಹೇಗೆ? 1934ರಲ್ಲಿ ಜೇಮ್ಸ್ ಕಾಸ್ಟನ್ ಎಂಬ ಅಮೆರಿಕದ ಕಿವಿ-ಗಂಟಲು ವೈದ್ಯರು, ದವಡೆ ಹಲ್ಲು ಬಿದ್ದು ಬಾಯಿ ಅತಿಯಾಗಿ ಮುಚ್ಚಿಕೊಳ್ಳುವುದರಿಂದಲೇ ಕೀಲಿನ, ಕಿವಿಯ ಕಾಟ ಅಂದರು. ಅವರ ವಿವರಣೆ ಆಮೇಲೆ ಅಂಗರಚನೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ಹಲ್ಲು ಸರಿ ಮಾಡಿದರೆ ಕೀಲು ಸರಿಯಾಗುತ್ತದೆ ಅನ್ನುವ ಯೋಚನೆ ಉಳಿದುಬಿಟ್ಟಿತು. ಮೇಲಿನ ಮೊದಲ ದವಡೆ ಹಲ್ಲಿನ ಮುಂದಿನ ಹೊರಮೊನೆ ಕೆಳಗಿನ ಹಲ್ಲಿನ ಗೀರಿನಲ್ಲಿ ಕೂರಬೇಕು ಅಂತ 1899ರಲ್ಲೇ ಎಡ್ವರ್ಡ್ ಆ್ಯಂಗಲ್ ಎಂಬ ಅಮೆರಿಕದ ಹಲ್ಲಿನ ವೈದ್ಯರು ಲೆಕ್ಕ ಹಾಕಿದ್ದರು. ಹಲ್ಲಿಗೆ ಕ್ಲಿಪ್ ಹಾಕುವವರಿಗೆ ಅದು ಇವತ್ತಿಗೂ ಬೇಕು. ಆದರೆ ಹಾಗೆ ಕೂರದ ಹಲ್ಲಿಟ್ಟುಕೊಂಡು ಹಲಸಿನ ಹಪ್ಪಳ ಮುರಿಯುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ, ಅವರ ಕೀಲಿಗೆ ಏನೂ ಆಗಿಲ್ಲ. ಇನ್ನೊಂದು ವಿಷಯ. ಸುಮ್ಮನೆ ಕೂತಾಗ ಮೇಲಿನ ಮತ್ತು ಕೆಳಗಿನ ಹಲ್ಲು ತಾಗುವುದೇ ಇಲ್ಲ, ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರುತ್ತದೆ. ತಾಗುವುದು ಅಗಿಯುವಾಗ, ನುಂಗುವಾಗ ಮಾತ್ರ. ಯಾವಾಗಲೂ ಹಲ್ಲು ಕಚ್ಚಿಕೊಂಡೇ ಇರುವವರಿಗೆ ಸ್ನಾಯು ನೋಯುತ್ತದೆ. ಅಲ್ಲಿ ಬಿಡಬೇಕಾದದ್ದು ಕಚ್ಚುವ ಅಭ್ಯಾಸ, ಅಲ್ವಾ?

ಹೊಸದಾಗಿ ಹಾಕಿದ ಫಿಲ್ಲಿಂಗ್ ಅಥವಾ ಕ್ಯಾಪ್ ಎತ್ತರವಾಗಿದ್ದರೆ ಉಜ್ಜಲೇಬೇಕು, ಅದು ಬೇರೆ ಮಾತು. ಆದರೆ ಒಳ್ಳೆಯ ಹಲ್ಲಿನ ಎನಾಮೆಲ್ ಅರೆದರೆ ಮತ್ತೆ ಹುಟ್ಟುವುದಿಲ್ಲ. ಕೀಲು ನೋವಿದ್ದರೂ ಮೊದಲು ಮೆತ್ತಗಿನ ಊಟ, ಬಿಸಿ ಶಾಖ, ಸ್ವಲ್ಪ ವ್ಯಾಯಾಮ, ಬೇಕಿದ್ದರೆ ರಾತ್ರಿ ಹಲ್ಲಿಗೆ ಹಾಕಿ ತೆಗೆಯುವ ಪ್ಲಾಸ್ಟಿಕ್ ಪಟ್ಟಿ. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ನಮ್ಮ ಕಷ್ಟ ಏನೆಂದರೆ ಮಂಗಳೂರಿಗೆ ಹೋಗಿ ಬರಲು ಒಂದು ದಿನ ಬೇಕು. "ಬಂದದ್ದೇ ಬಂದೆವು, ಇವತ್ತೇ ಮುಗಿಸಿಬಿಡಿ ಡಾಕ್ಟ್ರೇ" ಅಂತ ನಾವೇ ಹೇಳುತ್ತೇವೆ. ಕಾದು ನೋಡಬೇಕಾದ ಕಾಯಿಲೆಗೆ ಈ ಅವಸರ ಒಳ್ಳೆಯದಲ್ಲ.

ಅವಸರ ಬೇಕಾದ ಕಡೆ ಮಾತ್ರ ಯಾರಿಗೂ ಅವಸರವಿಲ್ಲ. ಅಕ್ಕನ ಟಕ್ ಸದ್ದಿಗೆ ಮನೆಯವರೆಲ್ಲ ಗಾಬರಿ. ಇಡೀ ದಿನ ಬಾಯಲ್ಲಿ ಎಲೆ ಅಡಿಕೆ ಇರುವ ಭಾವನಿಗೆ ಖಾರ ತಿಂದರೆ ಉರಿ, ಬಾಯಿಗೆ ದೊಡ್ಡ ತುತ್ತು ಹಿಡಿಸುವುದಿಲ್ಲ. ಅದನ್ನು ಯಾರೂ ಕೇಳಿಲ್ಲ. "ವಯಸ್ಸಾಯ್ತಲ್ಲ ಮಾರಾಯ" ಅಂತ ಅವರೇ ಮುಗಿಸಿಬಿಡುತ್ತಾರೆ. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತಾ ಹೋಗುವ ಕಾಯಿಲೆಯ ಲಕ್ಷಣ ಇವು. ಕೀಲು ಸರಿಯಾಗೇ ಇರುತ್ತದೆ, ಆದರೂ ಬಾಯಿ ತೆರೆಯುವುದಿಲ್ಲ. ಟಕ್ ಅಂತ ಎಚ್ಚರಿಸುವ ಸದ್ದೂ ಇಲ್ಲ. ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ತಿಂದರೂ ಬರುತ್ತದೆ. ನಾರುಗಟ್ಟಿದ್ದು ಪೂರ್ತಿ ಮೊದಲಿನ ಹಾಗಾಗುವುದು ಕಷ್ಟ, ಕೆಲವರಿಗೆ ಕ್ಯಾನ್ಸರಿಗೂ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಅಡಿಕೆ ತೋಟದ ದುಡ್ಡಿನಲ್ಲೇ ಓದಿದವ ನಾನು. ಹೀಗೆ ಬರೆದದ್ದಕ್ಕೆ ನಮ್ಮವರೇ ಕಾಮೆಂಟಿನಲ್ಲಿ ಬೈಯುತ್ತೀರಿ ಅಂತ ಗೊತ್ತಿದೆ. ಬೈಯಿರಿ. ಅದಕ್ಕೂ ಮೊದಲು ತೋರುಬೆರಳು, ನಡುಬೆರಳು, ಉಂಗುರಬೆರಳು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ನೆಟ್ಟಗೆ ಇಟ್ಟು ನೋಡಿ. ಮೂರೂ ಹೋಗದಿದ್ದರೆ ಬೈಗುಳ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.