ಹೊದಿಕೆಯ ಹಿಂಬದಿಯ ಹೆಸರು

ಹಳೆಯ ಜಾಝ್ ರೆಕಾರ್ಡುಗಳ ಹೊದಿಕೆ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವ ಚಟವಿಲ್ಲದವರಿಗೆ ಮೆಲ್ಬಾ ಲಿಸ್ಟನ್ ಎಂಬ ಹೆಸರು ಕಣ್ಣಿಗೆ ಬೀಳುವುದೇ ಕಷ್ಟ. ನನಗೂ ಬಹಳ ವರ್ಷ ಬಿದ್ದಿರಲಿಲ್ಲ. ರ‍್ಯಾಂಡಿ ವೆಸ್ಟನ್ ಅವರ ‘ಉಹುರು ಆಫ್ರಿಕಾ’ವನ್ನು ಎಷ್ಟೋ ಸಲ ಕೇಳಿ, ಅದರ ಹಿತ್ತಾಳೆ ವಾದ್ಯಗಳ ಮೊರೆತಕ್ಕೆ ಮನಸೋತು, ಶ್ರೇಯಸ್ಸನ್ನೆಲ್ಲ ಪಿಯಾನೋ ನುಡಿಸಿದ ವೆಸ್ಟನ್ ಖಾತೆಗೇ ಜಮಾ ಮಾಡಿದ್ದೆ. ಯಾವ ವಾದ್ಯ ಎಲ್ಲಿ ಬರಬೇಕು, ಯಾವುದು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂದು ಕುಳಿತು ಬರೆದವರು ಮೆಲ್ಬಾ. ನಮ್ಮ ಸಿನಿಮಾ ಸಂಗೀತದವರು ಅರೇಂಜರ್ ಎನ್ನುತ್ತಾರಲ್ಲ, ಆ ಕೆಲಸ. 1960ರಲ್ಲಿ ಮುದ್ರಣವಾದ ಆ ಸಂಗೀತವನ್ನು 1964ರಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದದ ಸರ್ಕಾರ ನಿಷೇಧಿಸಿತು. ಉಹುರು ಎಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ.

ಅವರು ಹುಟ್ಟಿದ್ದು 1926ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಏಳನೆಯ ವಯಸ್ಸಿಗೆ ಟ್ರೊಂಬೋನ್ ಬೇಕೆಂದು ಹಟ ಹಿಡಿದ ಹುಡುಗಿಗೆ ತಾಯಿ ಅದನ್ನು ಕೊಡಿಸಿದರು. ಪೊಲೀಸ್ ಬ್ಯಾಂಡಿನಲ್ಲಿ ಉದ್ದನೆಯ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತಾ ಊದುತ್ತಾರಲ್ಲ, ಅದೇ ವಾದ್ಯ. ಕೊಳವೆಗೆ ಏಳು ಸ್ಥಾನಗಳಿವೆ, ಆದರೆ ಯಾವುದಕ್ಕೂ ಗುರುತಿಲ್ಲ. ಪಿಟೀಲಿನ ಹಾಗೆ ಕಿವಿಯನ್ನೇ ನಂಬಬೇಕು, ಒಂದು ಬೆರಳಿನಷ್ಟು ಹೆಚ್ಚು ಕಡಿಮೆಯಾದರೆ ಅಪಸ್ವರ. ಏಳನೆಯ ಸ್ಥಾನ ದೊಡ್ಡವರಿಗೂ ತೋಳು ಪೂರ್ತಿ ಚಾಚಿದರೆ ಮಾತ್ರ ಎಟುಕುತ್ತದೆ. ಅಂಥದ್ದನ್ನು ಏಳು ವರ್ಷದ ಮಗು ಹೆಚ್ಚುಕಡಿಮೆ ತಾನಾಗಿಯೇ ಕಲಿತು, ಮರುವರ್ಷ ಊರಿನ ರೇಡಿಯೋದಲ್ಲಿ ಒಬ್ಬಳೇ ನುಡಿಸಿತು.

ಹದಿಹರೆಯದಲ್ಲೇ ಲಾಸ್ ಏಂಜಲೀಸ್‌ನ ಒಂದು ಥಿಯೇಟರಿನ ವಾದ್ಯವೃಂದ, ನಂತರ ಜೆರಾಲ್ಡ್ ವಿಲ್ಸನ್ ಅವರ ದೊಡ್ಡ ಬ್ಯಾಂಡು. 1949ರಲ್ಲಿ ಗಾಯಕಿ ಬಿಲ್ಲಿ ಹಾಲಿಡೇ ಜೊತೆ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹೋದ ಪ್ರವಾಸ ನೆಲಕಚ್ಚಿತು. ಕೇಳುವವರಿಲ್ಲ, ಕೈಯಲ್ಲಿ ಕಾಸಿಲ್ಲ. ಮನೆಗೆ ಮರಳಿದ ಮೆಲ್ಬಾ ವಾದ್ಯವನ್ನು ಬದಿಗಿಟ್ಟು ಶಿಕ್ಷಣ ಮಂಡಳಿಯ ಕಚೇರಿಯಲ್ಲಿ ಗುಮಾಸ್ತೆಯಾದರು. ನಡುವೆ ಹಾಲಿವುಡ್ ಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳನ್ನೂ ಮಾಡಿದರು. ಬ್ಯಾಂಡಿನ ಬಸ್ಸಿನಲ್ಲಿ ಊರೂರು ಸುತ್ತುವ ಹೆಣ್ಣಿಗೆ ಹಸಿವೆಗಿಂತ ಕೆಟ್ಟದ್ದೂ ಎದುರಾಗುತ್ತಿತ್ತು. ದಾರಿಯಲ್ಲಿ ತಮ್ಮ ಮೇಲೆ ನಡೆದ ಅತ್ಯಾಚಾರಗಳ ಬಗ್ಗೆ ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

1956ರಲ್ಲಿ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಮೆಲ್ಬಾರನ್ನು ತಮ್ಮ ಬ್ಯಾಂಡಿಗೆ ಮತ್ತೆ ಕರೆಸಿಕೊಂಡರು. ಅಮೆರಿಕ ಸರ್ಕಾರದ ಖರ್ಚಿನಲ್ಲಿ ಕರಾಚಿ, ಢಾಕಾ, ಬೈರೂತ್, ಅಥೆನ್ಸ್‌ಗಳಿಗೆ ಹೋಗಲಿದ್ದ ಬ್ಯಾಂಡು ಅದು. ಟ್ರೊಂಬೋನ್ ಊದಲು ಕ್ಯಾಲಿಫೋರ್ನಿಯಾದಿಂದ ಒಬ್ಬ ಹೆಂಗಸನ್ನು ತರಿಸಬೇಕಿತ್ತೇ ಎಂದು ನ್ಯೂಯಾರ್ಕಿನ ಗಂಡಸರು ಗೊಣಗಿದರು. ಅವರು ಬಳಸಿದ ಪದ ಇಲ್ಲಿ ಬರೆಯುವಂಥದ್ದಲ್ಲ. ಗಿಲೆಸ್ಪಿ ಮೆಲ್ಬಾ ಬರೆದು ತಂದಿದ್ದ ಸ್ವರಹಾಳೆಗಳನ್ನು ಹಂಚಿಸಿದರು. ಎರಡು ಆವರ್ತ ಹೋಗುವಷ್ಟರಲ್ಲಿ ಘಟಾನುಘಟಿಗಳೆಲ್ಲ ದಾರಿ ತಪ್ಪಿ ನಿಂತರು.

ಈ ಕಥೆಯನ್ನು ಎಲ್ಲರೂ ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ನನ್ನನ್ನು ಕಾಡುವುದು ಆಮೇಲಿನ ಮಾತು. ಅಂದಿನಿಂದ ತಾವು ಎಲ್ಲರಿಗೂ ಅಕ್ಕ, ಅಮ್ಮ, ಚಿಕ್ಕಮ್ಮ ಆದೆವೆಂದು ಮೆಲ್ಬಾ ನೆನೆಯುತ್ತಾರೆ. ಆ ಗಂಡಸರ ಅಂಗಿಗಳಿಗೆ ಗುಂಡಿ ಹೊಲಿದರಂತೆ, ಕೂದಲು ಕತ್ತರಿಸಿದರಂತೆ. ನೋಡಿ, ಪ್ರತಿಭೆ ಒಪ್ಪಿದ ಮೇಲೆ ಸಿಕ್ಕ ಬಡ್ತಿ ಇದು! ಅದೇ ವೃಂದದಲ್ಲಿ ಟ್ರಂಪೆಟ್ ಊದುತ್ತಿದ್ದ ಕ್ವಿನ್ಸಿ ಜೋನ್ಸ್ ಕೂಡ ಅರೇಂಜ್‌ಮೆಂಟ್ ಬರೆಯುತ್ತಿದ್ದರು. ಅವರಿಂದ ಯಾರಾದರೂ ಗುಂಡಿ ಹೊಲಿಸಿಕೊಂಡಿದ್ದರೇ?

ಮೆಲ್ಬಾ ನಾಚಿಕೆ ಸ್ವಭಾವದವರು, ಹಿಂದೆ ಇರಲೇ ಬಯಸಿದರು ಎಂದು ಬರೆಯುವವರನ್ನು ಕಂಡರೆ ಆದ್ದರಿಂದಲೇ ನನಗೆ ರೇಗುತ್ತದೆ. ನಾಚಿಕೆ ಇದ್ದಿರಬಹುದು. ಆದರೆ ಎದುರು ನಿಂತಾಗಲೆಲ್ಲ ಏಟು ತಿಂದವರು ಹಿಂದೆ ಸರಿದರೆ ಅದನ್ನು ಸ್ವಭಾವ ಎನ್ನುವುದು ಏಟು ಕೊಟ್ಟವರಿಗೆ ಬಹಳ ಅನುಕೂಲ. 1958ರ ಡಿಸೆಂಬರಿನಲ್ಲಿ ಟ್ರೊಂಬೋನ್‌ಗಳನ್ನೇ ಸಾಲಾಗಿ ಕೂರಿಸಿ ತಮ್ಮ ಹೆಸರಿನಲ್ಲಿ ಒಂದು ಆಲ್ಬಮ್ ಮುದ್ರಿಸಿದರು. ‘ಮೆಲ್ಬಾ ಲಿಸ್ಟನ್ ಅಂಡ್ ಹರ್ ಬೋನ್ಸ್’. ಅಂಥದ್ದು ಅದೊಂದೇ. ಅವರ ಊದುವಿಕೆಯಲ್ಲಿ ಅವಸರವಿಲ್ಲ. ಸ್ವರಗಳ ಮಳೆಗರೆಯುವ ಬದಲು ಒಂದೊಂದನ್ನೂ ದುಂಡಗೆ ಮಾಡಿ ಕೆಳಗಿಡುತ್ತಾರೆ. ಹೀಗೆ ನುಡಿಸುವವರು ಇನ್ನೂ ನಾಲ್ಕು ಆಲ್ಬಮ್ ಮಾಡಬೇಕಿತ್ತು ಎಂಬ ಹೊಟ್ಟೆಯುರಿ ನನ್ನದು.

ಎಪ್ಪತ್ತರ ದಶಕದಲ್ಲಿ ಜಮೈಕಾಕ್ಕೆ ಹೋಗಿ ಪಾಠ ಹೇಳಿದರು. 1985ರಲ್ಲಿ ಪಾರ್ಶ್ವವಾಯು ಬಡಿದು ಟ್ರೊಂಬೋನ್ ಕೈಬಿಟ್ಟಿತು. ಕಂಪ್ಯೂಟರ್ ಹಿಡಿದು ಮತ್ತೆ ಬರೆಯಲು ಕುಳಿತರು. ವೆಸ್ಟನ್ ಮೆಲ್ಬಾರನ್ನು ಬಿಡಲಿಲ್ಲ, ಮರೆಯಲೂ ಇಲ್ಲ. 1991ರಲ್ಲಿ ಮುದ್ರಿಸಿದ ‘ದಿ ಸ್ಪಿರಿಟ್ಸ್ ಆಫ್ ಅವರ್ ಆನ್ಸೆಸ್ಟರ್ಸ್’ಗೂ ಮೆಲ್ಬಾ ಅವರದೇ ಅರೇಂಜ್‌ಮೆಂಟ್. ಆಮೇಲೆ ಬಂದದ್ದು 1993ರ ‘ವಾಲ್ಕೇನೋ ಬ್ಲೂಸ್’. ಅದನ್ನು ಕೈಗೆತ್ತಿಕೊಂಡರೆ ಹೊದಿಕೆ ತಿರುಗಿಸುವ ಕೆಲಸವಿಲ್ಲ. ರ‍್ಯಾಂಡಿ ವೆಸ್ಟನ್ ಎಂಬುದರ ಜೊತೆಯಲ್ಲೇ ಮೆಲ್ಬಾ ಲಿಸ್ಟನ್ ಎಂದಿದೆ.